ಡ್ಯುಯಲ್ ಬ್ಯಾಂಡ್ ಫಿಲ್ಟರ್ ಮತ್ತು ಬಣ್ಣದ ಕ್ಯಾಮೆರಾ: ನೀಹಾರಿಕೆಯ ಚಿತ್ರ ಕೆಟ್ಟಾಗ ಕಾರಣ ಹುಡುಕುವ ಬಗೆ

ನಗರದ ತಾರಸಿಯಿಂದ ನೀಹಾರಿಕೆಗಳ ಚಿತ್ರ ತೆಗೆಯುವವರು ಡ್ಯುಯಲ್ ಬ್ಯಾಂಡ್ ಫಿಲ್ಟರನ್ನು ಮೊದಲ ಬಾರಿಗೆ ಜೋಡಿಸಿದಾಗ ಚಿತ್ರ ಮೊದಲಿಗಿಂತ ಕತ್ತಲಾಗುತ್ತದೆ, ಬಣ್ಣಗಳು ವಿಚಿತ್ರವಾಗುತ್ತವೆ, ಪ್ರಕಾಶಮಾನ ನಕ್ಷತ್ರಗಳ ಸುತ್ತ ಉಂಗುರಗಳು ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಕೆಲವು ಫಿಲ್ಟರಿನ ಸಹಜ ಗುಣಗಳು, ಹೆಚ್ಚಿನವು ಜೋಡಣೆಗೆ ಇಲ್ಲವೇ ಸಂಸ್ಕರಣೆಗೆ ಸೇರಿದವು, ತೀರ ಕೆಲವು ಮಾತ್ರ ಗಾಜಿನದೇ ದೋಷ. ಯಾವುದು ಯಾವುದೆಂದು ತಿಳಿಯದೆ ಫಿಲ್ಟರನ್ನು ಹಿಂದಿರುಗಿಸುವುದಾಗಲಿ, ಇನ್ನೂ ದುಬಾರಿಯಾದ ಮತ್ತೊಂದನ್ನು ಕೊಳ್ಳುವುದಾಗಲಿ ಅನಗತ್ಯ ಖರ್ಚಿಗೆ ದಾರಿ.

ಈ ಫಿಲ್ಟರ್ ಎರಡು ಕಿರಿದಾದ ಕಿಟಕಿಗಳನ್ನು ಮಾತ್ರ ತೆರೆದಿಡುತ್ತದೆ. ಒಂದು, 656.3 ನ್ಯಾನೊಮೀಟರಿನ ಹೈಡ್ರೋಜನ್ ಆಲ್ಫಾ ರೇಖೆಯ ಸುತ್ತ, ಇನ್ನೊಂದು, 495.9 ಮತ್ತು 500.7 ನ್ಯಾನೊಮೀಟರಿನಲ್ಲಿ ಹೊಮ್ಮುವ, ಹವ್ಯಾಸಿಗಳು ಓ-ತ್ರೀ ಎಂದು ಕರೆಯುವ ಅಯಾನೀಕೃತ ಆಮ್ಲಜನಕದ ರೇಖೆಗಳ ಪೈಕಿ ಮುಖ್ಯವಾಗಿ ಎರಡನೆಯದರ ಸುತ್ತ. ಕಿಟಕಿ ಅಗಲವಿದ್ದರೆ 486.1ರ ಹೈಡ್ರೋಜನ್ ಬೀಟಾ ಕೂಡ ಒಳಗೆ ಬರುತ್ತದೆ. ಆಪ್ಟೊಲಾಂಗ್ ಎಲ್-ಎಕ್ಸ್‌ಟ್ರೀಮ್‌ನಂತಹವುಗಳಲ್ಲಿ ಒಂದೊಂದು ಕಿಟಕಿ 7 ನ್ಯಾನೊಮೀಟರ್ ಅಗಲ, ಎಲ್-ಅಲ್ಟಿಮೇಟ್‌ನಂತಹವುಗಳಲ್ಲಿ 3. ಬಣ್ಣದ ಸೆನ್ಸರಿನ ಮೇಲೆ ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಒಂದು ಕೆಂಪು, ಎರಡು ಹಸಿರು, ಒಂದು ನೀಲಿ ಇರುವುದರಿಂದ ಹೈಡ್ರೋಜನ್ ಆಲ್ಫಾ ಕೆಂಪು ಪಿಕ್ಸೆಲ್‌ಗಳಿಗೆ ಮಾತ್ರ ಬೀಳುತ್ತದೆ. ಆಮ್ಲಜನಕದ ಬೆಳಕು ಹಸಿರು ಮತ್ತು ನೀಲಿ ಎರಡಕ್ಕೂ ಹಂಚಿಹೋಗುತ್ತದೆ.

ಆದ್ದರಿಂದ ಈ ಕೈಪಿಡಿಯಲ್ಲಿ ಮತ್ತೆ ಮತ್ತೆ ಬರುವ ಪರೀಕ್ಷೆ ಒಂದೇ: ಬಣ್ಣದ ಚಿತ್ರವನ್ನು ನೋಡಿ ತೀರ್ಮಾನಿಸದೆ, ಕೆಂಪು ಚಾನೆಲ್ಲನ್ನೂ ಹಸಿರು ಚಾನೆಲ್ಲನ್ನೂ ಬಿಡಿಬಿಡಿಯಾಗಿ ಕಪ್ಪುಬಿಳುಪಿನಲ್ಲಿ ತೆರೆದು ನೋಡಬೇಕು. ದೋಷ ಒಂದರಲ್ಲಿ ಮಾತ್ರ ಇದ್ದರೆ ಅದಕ್ಕೆ ಒಂದು ಬಗೆಯ ಕಾರಣ, ಎರಡರಲ್ಲೂ ಇದ್ದರೆ ಬೇರೆಯೇ ಕಾರಣ. ಉಚಿತವಾಗಿ ಸಿಗುವ ಸಿರಿಲ್ ತಂತ್ರಾಂಶದಲ್ಲಿ ಇದನ್ನು ಕೆಲವೇ ನಿಮಿಷಗಳಲ್ಲಿ ಮಾಡಬಹುದು.

ಮೊದಲು ಎಚ್ಚರಿಕೆಗಳು

ಡ್ಯುಯಲ್ ಬ್ಯಾಂಡ್ ಫಿಲ್ಟರ್ ಸೌರ ಫಿಲ್ಟರ್ ಅಲ್ಲ. ಕಣ್ಣಿಗೆ ಕಪ್ಪಾಗಿ, ಕನ್ನಡಿಯಂತೆ ಹೊಳೆಯುವಂತೆ ಕಂಡರೂ ಅದರ ಮೂಲಕ ಸೂರ್ಯನನ್ನು ನೋಡುವುದಾಗಲಿ, ದೂರದರ್ಶಕವನ್ನು ಸೂರ್ಯನತ್ತ ತಿರುಗಿಸುವುದಾಗಲಿ ಕೂಡದು. ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ. ಫ್ಲ್ಯಾಟ್ ಚಿತ್ರಗಳಿಗಾಗಿ (ಮಬ್ಬು ಮೂಲೆ, ಧೂಳಿನ ಕಲೆಗಳನ್ನು ಸರಿಪಡಿಸಲು ಸಮನಾದ ಬೆಳಕಿನಲ್ಲಿ ತೆಗೆಯುವ ಚಿತ್ರಗಳು) ಮುಂಜಾವಿನ ಆಕಾಶವನ್ನು ಬಳಸುವವರು ಸೂರ್ಯೋದಯಕ್ಕೆ ಮೊದಲೇ ಮುಚ್ಚಳ ಹಾಕಬೇಕು.

ತಾರಸಿಗೆ ಮನೆಯ ಕರೆಂಟನ್ನು ಎಳೆದುಕೊಂಡು ಹೋಗುವವರು ಇಬ್ಬನಿಯ ರಾತ್ರಿಗಳಲ್ಲಿ ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದ ಮೇಲೆ ಬಿಡಬಾರದು. ಅಡಾಪ್ಟರನ್ನು ಒಳಗಿಟ್ಟು 12 ವೋಲ್ಟಿನ ತಂತಿಯನ್ನಷ್ಟೇ ಹೊರಗೆ ತರುವುದು ಕ್ಷೇಮ.

ಲಕ್ಷಣ: ಚಿತ್ರ ಕತ್ತಲಾಗಿದೆ, ನೀಹಾರಿಕೆ ಕಾಣುವುದೇ ಇಲ್ಲ

ಖರ್ಚಿಲ್ಲದ ಮೊದಲ ಪರಿಶೀಲನೆ ಆಯ್ಕೆಮಾಡಿದ ಆಕಾಶಕಾಯದ್ದು. ಓರಿಯನ್ ನೀಹಾರಿಕೆ, ರೋಸೆಟ್, ಲಗೂನ್, ವೇಲ್, ನಾರ್ತ್ ಅಮೆರಿಕ ನೀಹಾರಿಕೆ, ಡಂಬೆಲ್ ಮುಂತಾದವು ತಮ್ಮದೇ ಅನಿಲದಿಂದ ಬೆಳಗುವ ಉತ್ಸರ್ಜನ ನೀಹಾರಿಕೆಗಳು. ಇವುಗಳಿಗಾಗಿಯೇ ಈ ಫಿಲ್ಟರ್ ಇದೆ. ಕೃತ್ತಿಕೆಯ ಸುತ್ತಲಿನ ನೀಲಿ ಮಸುಕು ನಕ್ಷತ್ರಗಳ ಬೆಳಕನ್ನು ಪ್ರತಿಫಲಿಸುವ ಧೂಳು. ಆಂಡ್ರೊಮಿಡಾ ಗೆಲಾಕ್ಸಿಯ ಬೆಳಕು ಕೋಟ್ಯಂತರ ನಕ್ಷತ್ರಗಳದ್ದು. ಇವೆರಡರ ಬೆಳಕೂ ಇಡೀ ವರ್ಣಪಟಲದಲ್ಲಿ ಹರಡಿರುವುದರಿಂದ ಫಿಲ್ಟರ್ ಬೀದಿದೀಪದ ಜೊತೆಗೆ ಅವನ್ನೂ ಕತ್ತರಿಸಿಹಾಕುತ್ತದೆ. 400ರಿಂದ 700 ನ್ಯಾನೊಮೀಟರ್‌ವರೆಗಿನ ಹರವಿನಲ್ಲಿ 7 ನ್ಯಾನೊಮೀಟರಿನ ಎರಡು ಕಿಟಕಿಗಳೆಂದರೆ ಶೇಕಡ 5ಕ್ಕಿಂತ ಕಡಿಮೆ. ಧನು ರಾಶಿಯ ಟ್ರಿಫಿಡ್ ನೀಹಾರಿಕೆಯಲ್ಲಿ ಎರಡೂ ಬಗೆ ಪಕ್ಕಪಕ್ಕದಲ್ಲಿವೆ: ಕೆಂಪು ಭಾಗ ಎದ್ದು ಬಂದು ನೀಲಿ ಭಾಗ ಕಾಣೆಯಾಗಿದ್ದರೆ ನಿಮ್ಮ ಫಿಲ್ಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದರ್ಥ.

ಕಾಯ ಸರಿಯಿದ್ದರೆ ಎಕ್ಸ್‌ಪೋಷರ್ ನೋಡಬೇಕು. ಫಿಲ್ಟರಿಲ್ಲದೆ ನಗರದಲ್ಲಿ 30 ಸೆಕೆಂಡ್ ಸಾಕಾಗುತ್ತಿದ್ದ ಒಂದು ಬಿಡಿ ಚಿತ್ರಕ್ಕೆ, ಅಂದರೆ ಸಬ್‌ಗೆ ಈಗ 180ರಿಂದ 300 ಸೆಕೆಂಡ್ ಬೇಕಾಗುವುದು ಸಾಮಾನ್ಯ. ಆಕಾಶದ ಹಿನ್ನೆಲೆಯ ಬೆಳಕು ಕ್ಯಾಮೆರಾದ ರೀಡ್ ನಾಯ್ಸನ್ನು (ಸೆನ್ಸರಿನಿಂದ ಚಿತ್ರವನ್ನು ಓದುವಾಗ ಸೇರುವ ಗದ್ದಲವನ್ನು) ಮುಳುಗಿಸುವಷ್ಟು ಇರಬೇಕು. ಎಲೆಕ್ಟ್ರಾನ್‌ಗಳ ಲೆಕ್ಕದಲ್ಲಿ ಹಿನ್ನೆಲೆಯು ರೀಡ್ ನಾಯ್ಸಿನ ವರ್ಗದ 10 ಪಟ್ಟು ಇದ್ದರೆ ನಷ್ಟ ಶೇಕಡ 5ರಷ್ಟಕ್ಕೆ ಇಳಿಯುತ್ತದೆ. ರೀಡ್ ನಾಯ್ಸ್ 1.5 ಎಲೆಕ್ಟ್ರಾನ್ ಇರುವ ಕ್ಯಾಮೆರಾಕ್ಕೆ 22.5 ಎಲೆಕ್ಟ್ರಾನ್ ಬೇಕು. ಒಂದು ಎಡಿಯು (ಕ್ಯಾಮೆರಾ ದಾಖಲಿಸುವ ಸಂಖ್ಯೆಯ ಒಂದು ಏಕಮಾನ) 0.25 ಎಲೆಕ್ಟ್ರಾನಿಗೆ ಸಮ ಎಂದಾದರೆ, ಸಬ್‌ನ ಮಧ್ಯಾಂಕ ಅಷ್ಟೇ ಅವಧಿಯ, ಮುಚ್ಚಳ ಹಾಕಿ ತೆಗೆದ ಡಾರ್ಕ್ ಚಿತ್ರದ ಮಧ್ಯಾಂಕಕ್ಕಿಂತ 90ರಷ್ಟು ಮೇಲಿರಬೇಕು. ಈ ಲೆಕ್ಕವನ್ನು ಕೆಂಪು ಮತ್ತು ಹಸಿರು ಚಾನೆಲ್‌ಗಳಿಗೆ ಬೇರೆಬೇರೆಯಾಗಿ ಹಾಕಬೇಕು, ಏಕೆಂದರೆ ಹಸಿರು ಗುರಿ ಮುಟ್ಟಿರುವಾಗ ಕೆಂಪು ಇನ್ನೂ ಹಿಂದುಳಿದಿರುವುದುಂಟು. ಪರದೆಯ ಮೇಲೆ ಕತ್ತಲಾಗಿ ಕಾಣುವುದರಿಂದ ಹೆದರಬೇಕಾಗಿಲ್ಲ. ಸ್ಟ್ರೆಚ್ ಮಾಡದ, ಅಂದರೆ ಮಂಕು ಭಾಗಗಳನ್ನು ಹಿಗ್ಗಿಸಿ ಬೆಳಗಿಸದ, ಸಬ್ ಕಪ್ಪಾಗಿರುವುದೇ ಸಹಜ.

ಮೂರನೆಯ ಸಾಧ್ಯತೆ ಕ್ಯಾಮೆರಾದ್ದು. ಮಾರ್ಪಡಿಸದ ಡಿಎಸ್‌ಎಲ್‌ಆರ್‌ಗಳಲ್ಲಿ ಸೆನ್ಸರಿನ ಮುಂದಿರುವ ಗಾಜು ಅವಕೆಂಪಿನ ಜೊತೆಗೆ 656 ನ್ಯಾನೊಮೀಟರಿನ ಬೆಳಕನ್ನೂ ತಡೆಯುತ್ತದೆ. ಅದರಲ್ಲಿ ಸುಮಾರು ಕಾಲು ಭಾಗವೋ ಅದಕ್ಕಿಂತ ಕಡಿಮೆಯೋ ಮಾತ್ರ ಸೆನ್ಸರಿಗೆ ತಲುಪುತ್ತದೆ. ಕ್ಯಾನನ್ 2012ರಲ್ಲಿ 60ಡಿಎ, ನಿಕಾನ್ 2015ರಲ್ಲಿ ಡಿ810ಎ ಎಂಬ ಪ್ರತ್ಯೇಕ ಕ್ಯಾಮೆರಾಗಳನ್ನು ಹೊರತಂದದ್ದು ಇದೇ ಕೊರತೆಯನ್ನು ನೀಗಿಸಲು. ಲಕ್ಷಣ ಸ್ಪಷ್ಟವಾಗಿರುತ್ತದೆ: ಹಸಿರಿನಲ್ಲಿ ನೀಹಾರಿಕೆ ಇದೆ, ಕೆಂಪಿನಲ್ಲಿ ಬಹುತೇಕ ಇಲ್ಲ. ಹೆಚ್ಚು ಗಂಟೆಗಳ ಎಕ್ಸ್‌ಪೋಷರ್ ಒಟ್ಟುಗೂಡಿಸಿದರೆ ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ, ಆದರೆ ಅಂತಹ ಕ್ಯಾಮೆರಾಕ್ಕೆ 3 ನ್ಯಾನೊಮೀಟರಿನ ದುಬಾರಿ ಫಿಲ್ಟರ್ ಕೊಳ್ಳುವುದನ್ನು ನಾನಂತೂ ಶಿಫಾರಸು ಮಾಡುವುದಿಲ್ಲ. ಅದೇ ಹಣ ಆ ಗಾಜನ್ನು ತೆಗೆಸುವ ಮಾರ್ಪಾಡಿಗೆ ಹೋದರೆ ಫಲ ಹೆಚ್ಚು. ಮಾರ್ಪಾಡನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಒಳಗಿರುವ ಫ್ಲ್ಯಾಶ್ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ನೂರಾರು ವೋಲ್ಟಿನ ವಿದ್ಯುತ್ತನ್ನು ಹಿಡಿದಿಟ್ಟಿರುತ್ತದೆ. ಇದು ಅನುಭವಿ ದುರಸ್ತಿಗಾರರ ಕೆಲಸ.

ಕೊನೆಯದಾಗಿ, ಕಾಯ ಎಷ್ಟು ಎತ್ತರದಲ್ಲಿತ್ತು ಎಂಬುದನ್ನೂ ನೋಡಿಕೊಳ್ಳಬೇಕು. ಬೆಂಗಳೂರಿನ ಅಕ್ಷಾಂಶದಿಂದ ರೋಸೆಟ್ ನೆತ್ತಿಯ ಬಳಿಗೆ ಬರುತ್ತದೆ, ಲಗೂನ್ ಸುಮಾರು 53 ಡಿಗ್ರಿಗೆ ಏರುತ್ತದೆ, ಆದರೆ ಕರೀನಾ ನೀಹಾರಿಕೆ 17 ಡಿಗ್ರಿಯನ್ನು ದಾಟುವುದಿಲ್ಲ. ಅಷ್ಟು ಕೆಳಗಿನ ನಗರದ ಮಬ್ಬನ್ನು ಯಾವ ಫಿಲ್ಟರೂ ಪೂರ್ತಿ ಗೆಲ್ಲಲಾರದು. ನಮ್ಮ ದುರದೃಷ್ಟಕ್ಕೆ ಸಿಗ್ನಸ್ ನಕ್ಷತ್ರಪುಂಜದ ನೀಹಾರಿಕೆಗಳು ರಾತ್ರಿಯ ಹೊತ್ತು ನೆತ್ತಿಗೆ ಬರುವ ತಿಂಗಳುಗಳನ್ನು ಮಳೆಗಾಲ ನುಂಗಿಬಿಡುತ್ತದೆ. ವೇಲ್ ನೀಹಾರಿಕೆಯನ್ನು ಅಕ್ಟೋಬರ್, ನವೆಂಬರ್ ತಿಂಗಳ ಸಂಜೆಗಳಲ್ಲಿ, ಅದು ಪಶ್ಚಿಮಕ್ಕೆ ಜಾರುವ ಮೊದಲೇ ಹಿಡಿಯಬೇಕಾಗುತ್ತದೆ.

ಲಕ್ಷಣ: ಫಿಲ್ಟರ್ ಹಾಕಿದೊಡನೆ ಗೈಡಿಂಗ್, ಪ್ಲೇಟ್ ಸಾಲ್ವಿಂಗ್ ಅಥವಾ ಆಟೊಫೋಕಸ್ ನಿಂತುಹೋಗಿದೆ

ಗೈಡಿಂಗ್ ಎಂದರೆ ಒಂದು ನಕ್ಷತ್ರವನ್ನು ಹಿಂಬಾಲಿಸಿ ದೂರದರ್ಶಕದ ಚಲನೆಯನ್ನು ತಿದ್ದುವುದು, ಪ್ಲೇಟ್ ಸಾಲ್ವಿಂಗ್ ಎಂದರೆ ಚಿತ್ರದ ನಕ್ಷತ್ರಗಳಿಂದ ದೂರದರ್ಶಕ ಎತ್ತ ನೋಡುತ್ತಿದೆ ಎಂದು ತಂತ್ರಾಂಶ ಗುರುತಿಸುವುದು. ನಕ್ಷತ್ರಗಳ ಬೆಳಕೂ ಅದೇ ಪ್ರಮಾಣದಲ್ಲಿ ಕುಗ್ಗಿರುವುದರಿಂದ 2 ಸೆಕೆಂಡಿನ ಎಕ್ಸ್‌ಪೋಷರಿನಲ್ಲಿ ತಂತ್ರಾಂಶಕ್ಕೆ ಸಾಕಷ್ಟು ನಕ್ಷತ್ರಗಳು ಸಿಗುವುದಿಲ್ಲ. ಪ್ಲೇಟ್ ಸಾಲ್ವಿಂಗ್ ಮತ್ತು ಆಟೊಫೋಕಸ್‌ನ ಅವಧಿಯನ್ನು 8ರಿಂದ 15 ಸೆಕೆಂಡಿಗೆ ಏರಿಸಿ, ಬೇಕಿದ್ದರೆ ಬಿನ್ನಿಂಗ್ (ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಕೂಡಿಸಿ ಓದುವುದು) ಬಳಸಿದರೆ ಇದು ಹೆಚ್ಚಿನ ಸಂದರ್ಭಗಳಲ್ಲಿ ಬಗೆಹರಿಯುತ್ತದೆ. ದೂರದರ್ಶಕದ ಬೆಳಕಿನಲ್ಲೇ ಸ್ವಲ್ಪವನ್ನು ಗೈಡ್ ಕ್ಯಾಮೆರಾಕ್ಕೆ ತಿರುಗಿಸುವ ಆಫ್ ಆಕ್ಸಿಸ್ ಗೈಡರ್ ಇದ್ದಲ್ಲಿ ಅದರ ಪ್ರಿಸಂ ಫಿಲ್ಟರಿಗಿಂತ ದೂರದರ್ಶಕದ ಕಡೆಗೆ ಇರಬೇಕು. ಫಿಲ್ಟರಿನ ಹಿಂದೆ ಇದ್ದರೆ ಗೈಡ್ ನಕ್ಷತ್ರವೂ ಆ ಎರಡು ಕಿಟಕಿಗಳ ಮೂಲಕವೇ ಬರಬೇಕಾಗುತ್ತದೆ. ಮುಖ್ಯ ಸೆನ್ಸರಿನ ಪಕ್ಕದಲ್ಲೇ ಗೈಡ್ ಸೆನ್ಸರ್ ಇರುವ ಕ್ಯಾಮೆರಾಗಳಿಗೆ ಈ ತೊಂದರೆ ರಚನೆಯಲ್ಲೇ ಇದೆ. ಅಂಥವರಿಗೆ ಬೇರೆ ಗೈಡ್ ದೂರದರ್ಶಕವೇ ಸರಳ ಪರಿಹಾರ.

ಲಕ್ಷಣ: ಬಣ್ಣ ಸರಿಯಿಲ್ಲ

ಇಡೀ ಚಿತ್ರ ಇಟ್ಟಿಗೆ ಕೆಂಪಾಗಿದ್ದರೆ, ಮೊದಲು ಹಸಿರು ಚಾನೆಲ್ಲನ್ನು ತೆರೆದು ಅಲ್ಲಿ ನೀಹಾರಿಕೆಯ ರಚನೆ ಇದೆಯೇ ನೋಡಬೇಕು. ನಾರ್ತ್ ಅಮೆರಿಕ ನೀಹಾರಿಕೆಯಂತಹ ಕಾಯಗಳಲ್ಲಿ ಹೈಡ್ರೋಜನ್ನಿನದೇ ಮೇಲುಗೈ, ಆಮ್ಲಜನಕ ಕ್ಷೀಣ. ಅಲ್ಲಿ ಕೆಂಪು ಬರುವುದು ದೋಷವಲ್ಲ. ವೇಲ್ ಅಥವಾ ಡಂಬೆಲ್‌ನಲ್ಲಿ ಆಮ್ಲಜನಕ ಧಾರಾಳವಾಗಿರುವುದರಿಂದ ಅಲ್ಲೂ ಹಸಿರು ಖಾಲಿಯಾಗಿದ್ದರೆ ಮಾತ್ರ ಅನುಮಾನ ಪಡಬೇಕು. ಆಗಲೂ ಪೆಟ್ಟಿಗೆಯ ಮೇಲಿನ ಹೆಸರನ್ನು ಓದಿ: ಗಂಧಕ ಮತ್ತು ಹೈಡ್ರೋಜನ್ ಬೀಟಾದಂತಹ ಬೇರೆ ಜೋಡಿಗಳ ಫಿಲ್ಟರ್‌ಗಳೂ ಮಾರುಕಟ್ಟೆಯಲ್ಲಿವೆ.

ಚಿತ್ರ ಹಸಿರಾಗಿದ್ದರೆ ಅದಕ್ಕೆ ಸಾಮಾನ್ಯ ಕಾರಣ, 500 ನ್ಯಾನೊಮೀಟರಿನಲ್ಲಿ ಹಸಿರು ಪಿಕ್ಸೆಲ್‌ಗಳ ಸಂವೇದನೆ ಹೆಚ್ಚಿರುವುದು. ಹಿನ್ನೆಲೆಯನ್ನು ತಟಸ್ಥಗೊಳಿಸುವ ಮೊದಲೇ ಹಸಿರನ್ನು ಅಳಿಸುವ ಉಪಕರಣವನ್ನು ಓಡಿಸುವ ಅಭ್ಯಾಸ ವ್ಯಾಪಕವಾಗಿದೆ. ಸಾಮಾನ್ಯ ಬಣ್ಣದ ಚಿತ್ರದಲ್ಲಿ ಅದರಿಂದ ಹಾನಿ ಕಡಿಮೆ, ಏಕೆಂದರೆ ಆಳದ ಆಕಾಶದಲ್ಲಿ ಅಪ್ಪಟ ಹಸಿರು ಅಪರೂಪ. ಇಲ್ಲಿ ಹಾಗಲ್ಲ, ಅಳಿಸಿಹೋಗುವುದು ನೀವು ಗಂಟೆಗಟ್ಟಲೆ ಕಾದು ಕೂಡಿಸಿದ ಆಮ್ಲಜನಕದ ಸಂಕೇತವೇ. ಮೊದಲು ಹಿನ್ನೆಲೆಯ ಏರಿಳಿತವನ್ನು ತೆಗೆದು, ಮೂರೂ ಚಾನೆಲ್‌ಗಳ ಹಿನ್ನೆಲೆಯನ್ನು ಸಮ ಮಾಡಿ, ಆನಂತರವೂ ಹಸಿರು ಉಳಿದರೆ ಮಾತ್ರ ಹಗುರವಾಗಿ ತಗ್ಗಿಸುವುದು ಸರಿ. ನಕ್ಷತ್ರಗಳ ಕ್ಯಾಟಲಾಗ್ ಆಧರಿಸಿ ಬಣ್ಣ ಹೊಂದಿಸುವ ಸಾಧನಗಳು ಇಡೀ ವರ್ಣಪಟಲ ಇದೆಯೆಂದು ನಂಬಿ ಲೆಕ್ಕ ಹಾಕುತ್ತವೆ. ಪಿಕ್ಸ್‌ಇನ್‌ಸೈಟ್ ತಂತ್ರಾಂಶದ ಎಸ್‌ಪಿಸಿಸಿಯಲ್ಲಿರುವಂತೆ ನ್ಯಾರೋಬ್ಯಾಂಡ್ (ಕಿರಿದಾದ ಕಿಟಕಿಯ) ಆಯ್ಕೆ ಇದ್ದರೆ ಅದನ್ನು ಗುರುತು ಮಾಡಿ ಕಿಟಕಿಯ ಅಗಲವನ್ನು ತುಂಬದ ಹೊರತು ಫಲಿತಾಂಶಕ್ಕೆ ಅರ್ಥವಿಲ್ಲ.

ಇವೆಲ್ಲಕ್ಕಿಂತ ಖಚಿತವಾದ ದಾರಿ, ಸಿರಿಲ್‌ನಲ್ಲಿ ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಡಿಬೇಯರ್ ಮಾಡುವ (ಕಚ್ಚಾ ಪಿಕ್ಸೆಲ್‌ಗಳಿಂದ ಬಣ್ಣದ ಚಿತ್ರ ಕಟ್ಟುವ) ಮೊದಲೇ ಎರಡು ಕಪ್ಪುಬಿಳುಪು ಚಿತ್ರಗಳಾಗಿ ಬೇರ್ಪಡಿಸಿ, ಬೇರೆಬೇರೆಯಾಗಿ ಸ್ಟ್ಯಾಕ್ ಮಾಡಿ (ಸಬ್‌ಗಳನ್ನು ಒಂದರ ಮೇಲೊಂದು ಕೂಡಿಸಿ), ಕೊನೆಗೆ ಕೆಂಪಿಗೆ ಹೈಡ್ರೋಜನ್ನನ್ನೂ ಹಸಿರು ಮತ್ತು ನೀಲಿಗೆ ಆಮ್ಲಜನಕವನ್ನೂ ಕೊಟ್ಟು ಜೋಡಿಸುವುದು.

ನಕ್ಷತ್ರಗಳೆಲ್ಲ ಬಿಳಿ ಅಥವಾ ತಿಳಿ ಗುಲಾಬಿಯಾಗಿ ಕಾಣುವುದಕ್ಕೆ ಮದ್ದಿಲ್ಲ. ಎರಡು ಬಿಂದುಗಳಿಂದ ನಕ್ಷತ್ರದ ಬಣ್ಣ ಹುಟ್ಟುವುದಿಲ್ಲ. ಫಿಲ್ಟರ್ ತೆಗೆದು ಅರ್ಧ ಗಂಟೆಯಷ್ಟು ಚಿಕ್ಕ ಸಬ್‌ಗಳನ್ನು ತೆಗೆದುಕೊಂಡು, ಸ್ಟಾರ್‌ನೆಟ್‌ನಂತಹ ಸಾಧನದಿಂದ ನಕ್ಷತ್ರಗಳನ್ನು ಬೇರ್ಪಡಿಸಿ, ಆ ನಕ್ಷತ್ರಗಳನ್ನು ಇಲ್ಲಿಗೆ ಕೂಡಿಸಬಹುದು.

ಲಕ್ಷಣ: ಪ್ರಕಾಶಮಾನ ನಕ್ಷತ್ರಗಳ ಸುತ್ತ ಪ್ರಭಾವಲಯ

ಹಾರ್ಸ್‌ಹೆಡ್ ನೀಹಾರಿಕೆಯ ಪಕ್ಕದಲ್ಲಿರುವ ಆಲ್ನಿಟಾಕ್ ಈ ದೋಷವನ್ನು ನಿರ್ದಯವಾಗಿ ಬಯಲಿಗೆಳೆಯುತ್ತದೆ. ಫಿಲ್ಟರಿನ ಲೇಪನ ತಾನು ಬಿಡದ ಬೆಳಕನ್ನು ಬಹುತೇಕ ಪ್ರತಿಫಲಿಸುವುದರಿಂದ ದೂರದರ್ಶಕದೊಳಗೆ ಕನ್ನಡಿಯೊಂದನ್ನು ಇಟ್ಟಂತೆಯೇ ಆಗುತ್ತದೆ. ಅದರಿಂದ ಚಿಮ್ಮಿದ ಬೆಳಕು ಇನ್ನೊಂದು ಮೇಲ್ಮೈಗೆ ಬಡಿದು ಮರಳಿ ಬಂದಾಗ ಫೋಕಸ್ ತಪ್ಪಿದ ವೃತ್ತವಾಗಿ ಸೆನ್ಸರಿನ ಮೇಲೆ ಬೀಳುತ್ತದೆ.

ಮೊದಲ ಪರಿಶೀಲನೆ ಬರಿಗಣ್ಣಿನದು. ಲೆನ್ಸಿನ ಅಥವಾ ಫಿಲ್ಟರಿನ ಮೇಲೆ ಇಬ್ಬನಿ, ಬೆರಳ ಗುರುತು ಇದ್ದರೆ ಅಂಚಿಲ್ಲದ ಮಸುಕು ಹೊಳಪು ಎಲ್ಲ ನಕ್ಷತ್ರಗಳ ಸುತ್ತಲೂ ಕಾಣುತ್ತದೆ. ಪ್ರತಿಫಲನದ ವೃತ್ತಕ್ಕೆ ಸ್ಪಷ್ಟ ಅಂಚಿರುತ್ತದೆ, ಕನ್ನಡಿ ದೂರದರ್ಶಕವಾದರೆ ನಡುವೆ ರಂಧ್ರವೂ ಇರುತ್ತದೆ. ಎರಡನೆಯದು, ಹಿಂದೆ ಹಾಕಿದ್ದ ಯುವಿ-ಐಆರ್ (ಅತಿನೇರಳೆ ಮತ್ತು ಅವಕೆಂಪನ್ನು ತಡೆಯುವ) ಫಿಲ್ಟರನ್ನೋ ಹಳೆಯ ಬೆಳಕಿನ ಮಾಲಿನ್ಯದ ಫಿಲ್ಟರನ್ನೋ ತೆಗೆಯದೆ ಅದರ ಮೇಲೆ ಇದನ್ನು ತಿರುಗಿಸಿಲ್ಲವಷ್ಟೇ ಎಂದು ನೋಡುವುದು. ಮೂರನೆಯದು ಫಿಲ್ಟರಿನ ಮುಖ: ಹೆಚ್ಚು ಹೊಳೆಯುವ ಮಗ್ಗುಲು ಸಾಮಾನ್ಯವಾಗಿ ಆಕಾಶದ ಕಡೆಗಿರಬೇಕು. ತಯಾರಕರ ಸೂಚನೆ ಬೇರೆಯಿದ್ದರೆ ಅದೇ ಅಂತಿಮ. ತಿರುಗಿಸಿ ಹಾಕಿ ಒಂದೇ ನಕ್ಷತ್ರದ ಚಿತ್ರವನ್ನು ಎರಡೂ ಬಗೆಯಲ್ಲಿ ತೆಗೆದು ಹೋಲಿಸಿ, ಖರ್ಚಿಲ್ಲ.

ಇಷ್ಟಕ್ಕೂ ಹೋಗದಿದ್ದರೆ ವೃತ್ತವನ್ನು ಅಳೆಯಿರಿ. ವೃತ್ತದ ವ್ಯಾಸವನ್ನು ಪಿಕ್ಸೆಲ್ ಅಳತೆಯಿಂದ ಗುಣಿಸಿ ಮಿಲಿಮೀಟರಿಗೆ ತಂದು, ಫೋಕಲ್ ಅನುಪಾತದಿಂದ (ಎಫ್/5 ಎಂದರೆ 5) ಗುಣಿಸಿ, ಎರಡರಿಂದ ಭಾಗಿಸಿದರೆ ಪ್ರತಿಫಲಿಸುತ್ತಿರುವ ಎರಡು ಮೇಲ್ಮೈಗಳ ನಡುವಿನ ಗಾಳಿಯ ಅಂತರ ಸಿಗುತ್ತದೆ. 3.76 ಮೈಕ್ರಾನ್ ಪಿಕ್ಸೆಲ್, ಎಫ್/5 ದೂರದರ್ಶಕ, 300 ಪಿಕ್ಸೆಲ್ ವ್ಯಾಸದ ವೃತ್ತ ಎಂದಿಟ್ಟುಕೊಂಡರೆ ಅಂತರ ಸುಮಾರು 2.8 ಮಿಲಿಮೀಟರ್, ಇದು ಕ್ಯಾಮೆರಾದ ಮುಂಗಾಜಿನ ಆಸುಪಾಸಿನ ಕತೆಯೇ ಹೊರತು 20 ಮಿಲಿಮೀಟರ್ ದೂರದಲ್ಲಿರುವ ಫಿಲ್ಟರಿನದಲ್ಲ. ಫಿಲ್ಟರಿನಿಂದ ಸೆನ್ಸರಿಗೆ 20 ಮಿಲಿಮೀಟರ್ ಇದ್ದಲ್ಲಿ ಅವುಗಳ ನಡುವಿನ ಪ್ರತಿಫಲನ 2,100 ಪಿಕ್ಸೆಲ್‌ಗಳಷ್ಟು ದೊಡ್ಡ, ಅತಿ ಮಸುಕಾದ ವೃತ್ತವಾಗಿರುತ್ತದೆ. 2 ಮಿಲಿಮೀಟರ್ ದಪ್ಪದ ಫಿಲ್ಟರಿನ ಎರಡು ಮಗ್ಗುಲುಗಳ ನಡುವೆಯೇ ಬೆಳಕು ಓಡಾಡಿದರೆ, ಗಾಜಿನ ವಕ್ರೀಭವನವನ್ನು ಲೆಕ್ಕಕ್ಕೆ ತಂದಾಗ, ವೃತ್ತ ಸುಮಾರು 140 ಪಿಕ್ಸೆಲ್ ಬರುತ್ತದೆ. ಈ ಕೊನೆಯದೊಂದೇ ನೇರವಾಗಿ ಫಿಲ್ಟರಿನ ಮೇಲೆ ಹೊರಿಸಬಹುದಾದ ಆರೋಪ. ಫಿಲ್ಟರಿಗೂ ಸೆನ್ಸರಿಗೂ ನಡುವಿನ ಪ್ರತಿಫಲನವಾದರೆ ಫಿಲ್ಟರನ್ನು ಸೆನ್ಸರಿನಿಂದ ಇನ್ನಷ್ಟು ದೂರಕ್ಕೆ, ಅಂದರೆ ಚಿತ್ರದ ಅಂಚುಗಳನ್ನು ಚೂಪಾಗಿಸುವ ಫ್ಲ್ಯಾಟ್‌ನರ್ ಲೆನ್ಸಿನ ಕಡೆಗೆ ಸರಿಸಿದರೆ ವೃತ್ತ ಹರಡಿ ಮಂಕಾಗುತ್ತದೆ. 140 ಪಿಕ್ಸೆಲ್ ಬಗೆಯ ಉಂಗುರವನ್ನು ಬಿಟ್ಟರೆ, ಸರಿಸಿದರೂ ಅಳತೆ ಬದಲಾಗದಿದ್ದರೆ ಪ್ರತಿಫಲನದಲ್ಲಿ ಫಿಲ್ಟರಿನ ಪಾತ್ರವಿಲ್ಲ.

ವೃತ್ತ ಹಸಿರು-ನೀಲಿಯಲ್ಲಿ ಮಾತ್ರ ಇದೆಯೋ ಕೆಂಪಿನಲ್ಲೂ ಇದೆಯೋ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಒಂದೇ ಕಿಟಕಿಯಲ್ಲಿ ಕಾಣುವ ಉಂಗುರ ಆ ಕಿಟಕಿಯ ಲೇಪನದತ್ತ ಬೆರಳು ಮಾಡುತ್ತದೆ, ಮಾರಾಟಗಾರರೊಡನೆ ಮಾತಾಡುವಾಗ ಇದು ಬಲವಾದ ಸಾಕ್ಷ್ಯ.

ಲಕ್ಷಣ: ನಕ್ಷತ್ರಗಳು ದಪ್ಪವಾಗಿವೆ, ಅಥವಾ ಮೂಲೆಗಳಲ್ಲಿ ಎಳೆದಂತಿವೆ

ಗಾಜು ಬೆಳಕಿನ ಹಾದಿಗೆ ಬಂದರೆ ಫೋಕಸ್ ಬಿಂದು ಹಿಂದಕ್ಕೆ ಸರಿಯುತ್ತದೆ, ದಪ್ಪದ ಮೂರನೆಯ ಒಂದು ಭಾಗದಷ್ಟು. ಆದ್ದರಿಂದ ಫಿಲ್ಟರಿಲ್ಲದೆ ಫೋಕಸ್ ಮಾಡಿ ಅನಂತರ ಅದನ್ನು ಸೇರಿಸುವುದು ಸಲ್ಲದು. ಫೋಕಸ್ ಸರಿಯಾಗಿದೆಯೇ ಎಂದು ತೋರಿಸುವ, ಸೀಳುಗಳಿರುವ ಬಾಹ್ತಿನೋವ್ ಮುಖವಾಡವನ್ನು ಫಿಲ್ಟರ್ ಇದ್ದಾಗಲೇ, ಪ್ರಕಾಶಮಾನವಾದ ನಕ್ಷತ್ರದ ಮೇಲೆ, ಉದ್ದನೆಯ ಎಕ್ಸ್‌ಪೋಷರಿನಲ್ಲಿ ಬಳಸಬೇಕು. ಇದೇ ಕಾರಣಕ್ಕೆ ಫ್ಲ್ಯಾಟ್‌ನರ್ ಸೆನ್ಸರಿನವರೆಗೆ 55 ಮಿಲಿಮೀಟರ್ ಅಂತರ ಕೇಳುತ್ತಿದ್ದರೆ 2 ಮಿಲಿಮೀಟರಿನ ಫಿಲ್ಟರಿನೊಂದಿಗೆ ಅದು 55.7ರಷ್ಟಾಗಬೇಕು, ತೆಳು ಸ್ಪೇಸರ್ ಉಂಗುರಗಳು ಇದಕ್ಕೆ ಸಾಕು. ನಾಲ್ಕೂ ಮೂಲೆಗಳು ಒಂದೇ ರೀತಿ ಕೆಟ್ಟಿದ್ದರೆ ಅಂತರದ ತೊಂದರೆ. ಒಂದು ಮೂಲೆ ಮಾತ್ರ ಕೆಟ್ಟಿದ್ದರೆ ಓರೆ. ಓರೆಯಾಗಿದ್ದಲ್ಲಿ ಡ್ರಾಯರಿನಲ್ಲಿ ಫಿಲ್ಟರ್ ಸಡಿಲವಾಗಿದೆಯೇ, ಥ್ರೆಡ್ ಸರಿಯಾಗಿ ಹತ್ತಿದೆಯೇ ಎಂದು ಮೊದಲು ನೋಡಿ. ಇಡೀ ಚಿತ್ರದಲ್ಲಿ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಫಿಲ್ಟರಿಗೆ ಸಂಬಂಧವೇ ಇಲ್ಲ, ಸಬ್ ಉದ್ದವಾದದ್ದರಿಂದ ಗೈಡಿಂಗಿನ ಹಳೆಯ ಕೊರತೆ ಈಗ ಬಯಲಾಗಿದೆ.

ಕೆಂಪಿನಲ್ಲಿ ನಕ್ಷತ್ರಗಳು ಚೂಪಾಗಿದ್ದು ಹಸಿರಿನಲ್ಲಿ ದಪ್ಪವಾಗಿದ್ದರೆ, ಅಥವಾ ತದ್ವಿರುದ್ಧವಾಗಿದ್ದರೆ, ದೂರದರ್ಶಕದ ಲೆನ್ಸು ಈ ಎರಡು ಬಣ್ಣಗಳನ್ನು ಒಂದೇ ಜಾಗಕ್ಕೆ ತರುತ್ತಿಲ್ಲ. ಅಗ್ಗದ ಆಕ್ರೊಮ್ಯಾಟ್ ಲೆನ್ಸುಗಳಲ್ಲಿ ಇದು ನಿರೀಕ್ಷಿತ. ನಡುವಿನ ರಾಜಿ ಬಿಂದುವೇ ಗತಿ. ಬೇರೆ ಫಿಲ್ಟರ್ ಕೊಂಡರೂ ಬದಲಾಗದು.

ಮುಂಗಾಜು ಅವಕೆಂಪನ್ನು ತಡೆಯದ ಕ್ಯಾಮೆರಾಗಳಲ್ಲಿ ಫಿಲ್ಟರ್ ಅವಕೆಂಪನ್ನು ಸೋರಿಸಿದರೂ ನಕ್ಷತ್ರ ಊದಿಕೊಳ್ಳುತ್ತದೆ. ಕತ್ತಲ ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಫಿಲ್ಟರ್ ಹಿಡಿದು ಟಿವಿ ರಿಮೋಟಿನ ಗುಂಡಿ ಒತ್ತಿ ನೋಡಿ: ಮಿನುಗು ಕಂಡರೆ 940 ನ್ಯಾನೊಮೀಟರಿನ ಬಳಿ ಸೋರಿಕೆ ಇದೆ. ಕಾಣದಿದ್ದರೆ ಆ ಒಂದು ಜಾಗದಲ್ಲಿ ಇಲ್ಲ ಎಂದಷ್ಟೇ ಅರ್ಥ.

ಲಕ್ಷಣ: ಹಿನ್ನೆಲೆ ಒಂದು ಕಡೆ ಬೆಳಗಿದೆ, ಅಥವಾ ಮೂಲೆಗಳು ಬೇರೆ ಬಣ್ಣಕ್ಕಿವೆ

ಮೊದಲು ಪಂಚಾಂಗ ನೋಡಿ. ಚಂದ್ರನ ಬೆಳಕು ಸೂರ್ಯನದೇ ಆದ್ದರಿಂದ ಎರಡೂ ಕಿಟಕಿಗಳಲ್ಲಿ ನುಸುಳುತ್ತದೆ, ಆದರೆ ಗಾಳಿಯ ಅಣುಗಳು 500 ನ್ಯಾನೊಮೀಟರಿನ ಬೆಳಕನ್ನು 656ಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು ಚದುರಿಸುತ್ತವೆ. ಹುಣ್ಣಿಮೆಯ ಆಸುಪಾಸಿನಲ್ಲಿ ಕೆಂಪು ಚೆನ್ನಾಗಿದ್ದು ಹಸಿರು ತೊಳೆದುಹೋಗಿದ್ದರೆ ಕಾರಣ ಇದೇ. ಆ ರಾತ್ರಿಗಳನ್ನು ಹೈಡ್ರೋಜನ್ನಿಗೆ ಮೀಸಲಿಟ್ಟು ಆಮ್ಲಜನಕವನ್ನು ಅಮಾವಾಸ್ಯೆಯ ಆಚೀಚೆಗೆ ಉಳಿಸಿಕೊಳ್ಳುವುದು ಜಾಣತನ.

ಎರಡನೆಯದು ದೀಪಗಳು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮದ ನಂತರ ದೇಶದ ಅನೇಕ ಊರುಗಳಲ್ಲಿ ಹಳದಿ ಸೋಡಿಯಂ ದೀಪಗಳ ಜಾಗಕ್ಕೆ ಬಿಳಿ ಎಲ್‌ಇಡಿ ಬಂದಿದೆ. ಸೋಡಿಯಂನ ಬೆಳಕು ಹೆಚ್ಚಾಗಿ 589ರ ಸುತ್ತ ಇದ್ದುದರಿಂದ ಹಳೆಯ ಅಗಲ ಫಿಲ್ಟರ್‌ಗಳೂ ಅದನ್ನು ಚೆನ್ನಾಗಿ ತಡೆಯುತ್ತಿದ್ದವು, ಅಧಿಕ ಒತ್ತಡದ ದೀಪಗಳಿಗೆ 498ರ ಬಳಿ ಇರುವ ರೇಖೆಯೊಂದನ್ನು ಬಿಟ್ಟರೆ. ಎಲ್‌ಇಡಿಯ ಬೆಳಕು ಎಲ್ಲೆಡೆ ಹರಡಿರುವುದರಿಂದ ಅದು ಎರಡೂ ಕಿಟಕಿಗಳಲ್ಲಿ ಬರುತ್ತದೆ; ಕಿಟಕಿ ಎಷ್ಟು ಕಿರಿದೋ ಅಷ್ಟು ಕಡಿಮೆ ಬರುತ್ತದೆ, ಅಷ್ಟೇ. ಪಕ್ಕದ ಮನೆಯ ದೀಪ ನೇರವಾಗಿ ಕೊಳವೆಯೊಳಗೆ ಬೀಳುತ್ತಿದ್ದರೆ ಕಪ್ಪು ರಟ್ಟಿನ ಉದ್ದನೆಯ ಮುಸುಕು ಯಾವ ಫಿಲ್ಟರಿಗಿಂತಲೂ ಅಗ್ಗದ ಪರಿಹಾರ. ಉಳಿದ ಏರಿಳಿತವನ್ನು ಗ್ರಾಎಕ್ಸ್‌ಪರ್ಟ್‌ನಂತಹ ಉಚಿತ ಸಾಧನ ತೆಗೆಯುತ್ತದೆ.

ಮೂಲೆಗಳ ಬಣ್ಣ ಬೇರೆಯಾಗಿರುವುದಕ್ಕೆ ಬಹಳ ಸಲ ಫ್ಲ್ಯಾಟ್‌ಗಳೇ ಕಾರಣ. ಬಿಳಿ ಎಲ್‌ಇಡಿ ಫಲಕದಲ್ಲೂ ಮೊಬೈಲ್ ಪರದೆಯಲ್ಲೂ 656ರ ಬಳಿ ಬೆಳಕು ತೀರ ಕಡಿಮೆ; ಒಟ್ಟು ಹಿಸ್ಟೋಗ್ರಾಂ (ಹೊಳಪಿನ ಹಂಚಿಕೆಯ ನಕ್ಷೆ) ಚೆನ್ನಾಗಿ ಕಂಡರೂ ಕೆಂಪು ತಳ ಹಿಡಿದಿರುತ್ತದೆ. ಕೆಂಪು ಚಾನೆಲ್ ಹಿಸ್ಟೋಗ್ರಾಂನ ಮೂರನೆಯ ಒಂದು ಭಾಗವನ್ನಾದರೂ ತಲುಪುವಂತೆ, ಹಸಿರು ತುಂಬಿ ತುಳುಕದಂತೆ ಅವಧಿ ಹೊಂದಿಸಿ, ಮುಚ್ಚಳ ಹಾಕಿ ಅಷ್ಟೇ ಅವಧಿಯ ಡಾರ್ಕ್ ಫ್ಲ್ಯಾಟ್‌ಗಳನ್ನೂ ತೆಗೆಯಿರಿ. ಮನೆಯಲ್ಲಿ ಹಳೆಯ ಫಿಲಮೆಂಟ್ ಬಲ್ಬ್ ಉಳಿದಿದ್ದರೆ ಅದರ ಬೆಳಕನ್ನು ಬಿಳಿ ಗೋಡೆಗೆ ಹಾಯಿಸಿ ಬಳಸಿ. ಅದರಲ್ಲಿ ಕೆಂಪಿಗೆ ಬರವಿಲ್ಲ.

ಫ್ಲ್ಯಾಟ್ ಹಾಕಿದ ಮೇಲೂ ಧೂಳಿನ ಉಂಗುರ ಉಳಿದರೆ ಇಲ್ಲೂ ಅಳತೆ ಸಹಾಯಕ್ಕೆ ಬರುತ್ತದೆ: ಉಂಗುರದ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಫೋಕಲ್ ಅನುಪಾತದಿಂದ ಗುಣಿಸಿದರೆ ಸೆನ್ಸರಿನಿಂದ ಧೂಳಿಗಿರುವ ದೂರ. ಈ ಬಾರಿ ಎರಡರಿಂದ ಭಾಗಿಸಬೇಕಾಗಿಲ್ಲ.

ಲಕ್ಷಣ: ಅತಿ ವೇಗದ (ಎಫ್/2ರಂತೆ ಫೋಕಲ್ ಅನುಪಾತ ಚಿಕ್ಕದಿರುವ) ಲೆನ್ಸಿನಲ್ಲಿ ನೀಹಾರಿಕೆ ನಿರೀಕ್ಷೆಗಿಂತ ಮಂಕು

ಓರೆಯಾಗಿ ಬಂದ ಬೆಳಕಿಗೆ ಫಿಲ್ಟರಿನ ಕಿಟಕಿ ನೀಲಿಯ ಕಡೆಗೆ ಸರಿಯುತ್ತದೆ. ಲೇಪನದ ಪರಿಣಾಮಕಾರಿ ವಕ್ರೀಭವನಾಂಕ 2 ಎಂದಿಟ್ಟುಕೊಂಡರೆ, ಎಫ್/5ರ ಅಂಚಿನ ಕಿರಣಕ್ಕೆ ಈ ಸರಿತ 656ರಲ್ಲಿ ಸುಮಾರು 0.8 ನ್ಯಾನೊಮೀಟರ್, ಎಫ್/2.8ಕ್ಕೆ 2.5, ಎಫ್/2ಕ್ಕೆ 5ರ ಹತ್ತಿರ. 3 ನ್ಯಾನೊಮೀಟರಿನ ಕಿಟಕಿಯ ನಡುವಿನಿಂದ ಅಂಚಿಗೆ ಕೇವಲ 1.5 ಇರುವುದರಿಂದ ಎಫ್/2ರ ಅಂಚಿನ ಕಿರಣಗಳು ಹೊರಗೇ ನಿಲ್ಲುತ್ತವೆ.

ಪರೀಕ್ಷೆಗೆ ಅಪರ್ಚರ್ ಬದಲಿಸಬಲ್ಲ ಕ್ಯಾಮೆರಾ ಲೆನ್ಸ್ ಸಾಕು. ಎಫ್/2ರಲ್ಲೂ ಎಫ್/4ರಲ್ಲೂ ಒಂದೇ ಅವಧಿಯ ಚಿತ್ರ ತೆಗೆಯಿರಿ. ನಕ್ಷತ್ರಗಳ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಕಿಟಕಿ ಎಲ್ಲಿಗೆ ಸರಿದರೂ ನಕ್ಷತ್ರಕ್ಕೆ ಅಲ್ಲಿ ಬೆಳಕಿದೆ. ಹಿನ್ನೆಲೆ ಕಳೆದ ನೀಹಾರಿಕೆಯ ಬೆಳಕೂ ಕಾಲು ಭಾಗಕ್ಕೆ ಇಳಿದರೆ ಫಿಲ್ಟರ್ ಸರಿಯಿದೆ. ಅರ್ಧಕ್ಕೆ ಮಾತ್ರ ಇಳಿದರೆ ಎಫ್/2ರಲ್ಲಿ ಕಿಟಕಿ ರೇಖೆಯನ್ನು ತಪ್ಪಿಸಿಕೊಂಡಿದೆ. ವೇಗದ ದೂರದರ್ಶಕಗಳಿಗೆಂದೇ ಮೊದಲೇ ಸರಿಸಿ ಮಾಡಿದ ಫಿಲ್ಟರ್‌ಗಳು ಸಿಗುತ್ತವೆ, ಇಲ್ಲವೇ 7 ನ್ಯಾನೊಮೀಟರಿಗಿಂತ ಅಗಲವಾದುದನ್ನು ಒಪ್ಪಿಕೊಳ್ಳಬೇಕು.

ಲಕ್ಷಣ: ಗೆರೆಗೆರೆಯಾದ ನಾಯ್ಸ್, ಅಥವಾ ನಡುವೆ ಮಸುಕು ಕಲೆ

ಓರೆ ಗೆರೆಗಳು ಒಂದೇ ದಿಕ್ಕಿಗೆ ಹರಿದಂತಿದ್ದರೆ ಡಿದರಿಂಗ್ ಆಗುತ್ತಿಲ್ಲ; ಕೆಲವು ಸಬ್‌ಗಳಿಗೊಮ್ಮೆ ದೂರದರ್ಶಕದ ಗುರಿಯನ್ನು ಹತ್ತು ಹದಿನೈದು ಪಿಕ್ಸೆಲ್ ಸರಿಸಿ. ಹಿನ್ನೆಲೆ ಕತ್ತಲಾದಷ್ಟೂ ಕ್ಯಾಮೆರಾದ ಸ್ವಂತ ದೋಷಗಳು ಎದ್ದು ಕಾಣುವುದರಿಂದ ಅದೇ ಉಷ್ಣತೆ, ಅದೇ ಗೇನ್, ಅದೇ ಅವಧಿಯ ಡಾರ್ಕ್‌ಗಳು ಈಗ ಹಿಂದಿಗಿಂತ ಮುಖ್ಯ.

ರಾತ್ರಿ ಮುಂದುವರಿದಂತೆ ನಡುವೆ ಮಸುಕು ಕಲೆ ಬೆಳೆಯುತ್ತಿದ್ದರೆ ಅದು ತೇವ. ಟಾರ್ಚ್ ಹಿಡಿದು ಮುಂದಿನ ಲೆನ್ಸ್, ಫಿಲ್ಟರ್, ಕ್ಯಾಮೆರಾದ ಮುಂಗಾಜು ಇವನ್ನು ಈ ಕ್ರಮದಲ್ಲಿ ನೋಡಿ. ಮುಂಗಾಜಿನ ಹೊರಗಿದ್ದರೆ ಡ್ಯೂ ಹೀಟರ್ ಸಾಕು. ಒಳಗಿದ್ದರೆ ಕೂಲರನ್ನು ನಿಧಾನವಾಗಿ ನಿಲ್ಲಿಸಿ, ತೇವ ಹೀರುವ ಗುಳಿಗೆಗಳನ್ನು ತಯಾರಕರು ಹೇಳಿದಂತೆ ಒಣಗಿಸಬೇಕು ಅಥವಾ ಬದಲಿಸಬೇಕು. ಮಳೆಗಾಲದಲ್ಲಿ ಫಿಲ್ಟರನ್ನು ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿಡಿ. ಕರಾವಳಿ ಮತ್ತು ಮಲೆನಾಡಿನಲ್ಲಿ ಗಾಜಿಗೆ ಬೂಷ್ಟು ಹಿಡಿಯಲು ಒಂದೇ ಮಳೆಗಾಲ ಸಾಕು. ಧೂಳನ್ನು ಬ್ಲೋಯರಿನಿಂದ ಮಾತ್ರ ತೆಗೆಯಿರಿ. ಬೆರಳ ಗುರುತಿಗೆ ಲೆನ್ಸ್ ಟಿಶ್ಯೂವಿನ ಮೇಲೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಗುರವಾಗಿ ಒರೆಸಿ. ಅಂಗಿಯ ತುದಿ, ಬಾಯಿಯ ಹಬೆ ಎರಡೂ ಬೇಡ.

ಎಲ್ಲಿ ನಿಲ್ಲಿಸಬೇಕು

ಸೆನ್ಸರಿನ ಕೋಣೆಯನ್ನು ತೆರೆಯಬೇಕೆನಿಸಿದಾಗ, ಲೇಪನದ ಮೇಲೆ ಗೀರು ಅಥವಾ ಸಿಪ್ಪೆ ಎದ್ದಂತೆ ಕಂಡಾಗ, ಮುಖ ತಿರುಗಿಸಿ, ಅಂತರ ಬದಲಿಸಿದ ಮೇಲೂ 140 ಪಿಕ್ಸೆಲ್ ಬಗೆಯ ಉಂಗುರ ಹಾಗೇ ಉಳಿದಾಗ ಸ್ವಂತ ಪ್ರಯೋಗ ನಿಲ್ಲಿಸಿ. ಸಾಧ್ಯವಿದ್ದರೆ ಸ್ಥಳೀಯ ಖಗೋಳ ಹವ್ಯಾಸಿಗಳಿಂದ ಅದೇ ಅಗಲದ ಇನ್ನೊಂದು ಫಿಲ್ಟರನ್ನು ಒಂದು ರಾತ್ರಿಯ ಮಟ್ಟಿಗೆ ತಂದು, ಬೇರೇನನ್ನೂ ಬದಲಿಸದೆ ಅದೇ ಕಾಯವನ್ನು ಚಿತ್ರಿಸಿ ನೋಡಿ; ವ್ಯತ್ಯಾಸ ಕಂಡರೆ ಮಾತ್ರ ಮಾರಾಟಗಾರರನ್ನು ಸಂಪರ್ಕಿಸಿ. ಅವರಿಗೆ ಸಂಸ್ಕರಿಸಿದ ಸುಂದರ ಚಿತ್ರ ಕಳಿಸಿ ಪ್ರಯೋಜನವಿಲ್ಲ. ಎರಡೂ ಫಿಲ್ಟರ್‌ಗಳಿಂದ ತೆಗೆದ ಒಂದೊಂದು ಕಚ್ಚಾ ಸಬ್, ಕೆಂಪು ಮತ್ತು ಹಸಿರು ಚಾನೆಲ್‌ಗಳ ಪ್ರತ್ಯೇಕ ಪ್ರತಿ, ದೂರದರ್ಶಕದ ಫೋಕಲ್ ಅನುಪಾತ, ಫಿಲ್ಟರಿನಿಂದ ಸೆನ್ಸರಿಗಿರುವ ಅಂತರ, ಹೊಳೆಯುವ ಮಗ್ಗುಲು ಯಾವ ಕಡೆಗಿತ್ತು ಎಂಬ ವಿವರ, ಫಿಲ್ಟರಿನ ಅಂಚಿನಲ್ಲಿ ಸರಣಿ ಸಂಖ್ಯೆ ಇದ್ದರೆ ಅದು, ಇಷ್ಟನ್ನು ಒಟ್ಟಿಗೆ ಕಳಿಸಿ.